ಅಪ್ಪಯ್ಯನ ಕತ್ತಿ

"ನೀವು ಸುಮ್ಮನೆ ಕುಳಿತುಕೊಳ್ಳಿ, ನಾನು ನೋಡಿಕೊಳ್ಳುತ್ತೇನೆ." ಬೆಂಗಳೂರಿನ ಕೆಲಸ ಬಿಟ್ಟು ಶಿರಸಿ ಸಮೀಪದ ನಮ್ಮ ಅಡಿಕೆ ತೋಟಕ್ಕೆ ಮರಳಿದ ಮೊದಲ ವರ್ಷ ಈ ಮಾತನ್ನು ದಿನಕ್ಕೆ ಹತ್ತು ಸಲವಾದರೂ ಆಡಿರಬೇಕು. ಅಪ್ಪಯ್ಯನಿಗೆ ಆಗ 78. ಮಂಡಿನೋವು, ತೋಟಕ್ಕೆ ಇಳಿದರೆ ಹತ್ತಿ ಬರುವುದು ಕಷ್ಟ. ಕೂಲಿಯನ್ನು ಮೊಬೈಲಿನಲ್ಲೇ ಕಳಿಸಿದೆ, ಅಡಿಕೆ ವ್ಯಾಪಾರವನ್ನೂ ನಾನೇ ಮುಗಿಸಿದೆ. ಅವರು ನಿಜವಾಗಿಯೂ ಕುಳಿತುಬಿಟ್ಟರು. ಯಾರು ಏನು ಕೇಳಿದರೂ "ಮಗನನ್ನು ಕೇಳಿ" ಎನ್ನತೊಡಗಿದರು. ಮೂವತ್ತು ವರ್ಷದ ಹಿಂದಿನ ಧಾರಣೆ ಬಾಯಿಪಾಠವಿರುವ ಮನುಷ್ಯ!

ತಪ್ಪು ಹೊಳೆದ ಮೇಲೆ ಹೂಡಿದ ಉಪಾಯ ಇನ್ನೂ ಪೆದ್ದು. ಗೊತ್ತಿರುವುದನ್ನೇ ಗೊತ್ತಿಲ್ಲದವನಂತೆ ಕೇಳಲು ಹೋದೆ. ಎರಡನೇ ದಿನವೇ "ನನ್ನನ್ನು ಆಡಿಸಲು ನಾನೇನು ನಿನ್ನ ಮಗುವೇ?" ಎಂದರು.

ಜೂನ್ ಮೊದಲ ವಾರ. ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯಬೇಕಿತ್ತು. ಐವತ್ತು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಇನ್ನೈವತ್ತಕ್ಕೆ ಒಂದು ಕಿಲೋ ಸುಣ್ಣ. ಸುಣ್ಣದ ನೀರಿಗೆ ತುತ್ತದ ನೀರನ್ನು ನಿಧಾನವಾಗಿ ಸುರಿದೆ. ಅಳತೆಯಲ್ಲಿ ತಪ್ಪಿರಲಿಲ್ಲ. ಅಷ್ಟರಲ್ಲಿ ಅಪ್ಪಯ್ಯ ಕೋಲೂರಿಕೊಂಡು ಬಂದು ಕತ್ತಿ ಕೇಳಿದರು. ಅದರ ಅಲಗನ್ನು ಉಜ್ಜಿ ಹೊಳಪು ಬರಿಸಿ ಬ್ಯಾರೆಲ್ಲಿನಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿದರು. ಅಲಗಿನ ಮೇಲೆ ತಾಮ್ರದ ಕೆಂಪು. "ಸುಣ್ಣ ಸತ್ತಿದೆ" ಎಂದರು. ಕಳೆದ ವರ್ಷದ ಚೀಲ, ಬಾಯಿ ಕಟ್ಟದೆ ಇಟ್ಟದ್ದು ನಾನೇ; ಗಾಳಿಯಾಡಿ ಸುಣ್ಣದ ಬಲ ಹೋಗಿ, ತುತ್ತದ ಖಾರ ಉಳಿದುಬಿಟ್ಟಿತ್ತು. ಹಾಗೇ ಹೊಡೆದಿದ್ದರೆ ಎಳೆಗಾಯಿ ಸುಟ್ಟುಹೋಗುತ್ತಿತ್ತು. ಕತ್ತಿ ಬಿಳಿಯಾಗಿಯೇ ಬರುವ ತನಕ ಅವರೇ ನಿಂತು ಸುಣ್ಣ ಹಾಕಿಸಿದರು. ಈ ಸಲ ನಟಿಸುವ ಅಗತ್ಯವಿರಲಿಲ್ಲ. ನನಗೆ ನಿಜಕ್ಕೂ ಗೊತ್ತಿರಲಿಲ್ಲ.

ಈಗ ಬ್ಯಾರೆಲ್ಲುಗಳು ಅಂಗಳದಲ್ಲಿವೆ. ತೋಟಕ್ಕೆ ಇಳಿಯುವುದು ಪೈಪು ಮಾತ್ರ. ಕೂಲಿ ಮತ್ತೆ ನಗದಿನಲ್ಲಿ, ಶನಿವಾರ ಸಂಜೆ, ಅಪ್ಪಯ್ಯನ ಕೈಯಿಂದಲೇ. ಅದಕ್ಕಾಗಿ ವಾರಕ್ಕೊಮ್ಮೆ ಪೇಟೆಗೆ ಹೋಗಿ ಬ್ಯಾಂಕಿನ ಸಾಲಿನಲ್ಲಿ ನಿಲ್ಲುವುದು ನನಗೆ ಕಿರಿಕಿರಿಯೇ. ಆದರೆ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ದುಡ್ಡು ಪಡೆದು ಜಗಲಿಯಲ್ಲಿ ಅರ್ಧ ಗಂಟೆ ಕುಳಿತು ಎಲೆಯಡಿಕೆಯ ಕವಳ ಹಾಕಿ, ಯಾವ ಮರ ಸೊರಗಿದೆ ಎಂದು ಹೇಳುವುದು ಅವರಿಗೇ, ನನಗಲ್ಲ. (ಆಯಿಯ, ಅಂದರೆ ಅಮ್ಮನ, ವಿಷಯದಲ್ಲಿ ಈ ತಾಪತ್ರಯವೇ ಬರಲಿಲ್ಲ. ಅವಳು ಅಡುಗೆಮನೆಯನ್ನು ಯಾರಿಗೂ ಬಿಟ್ಟುಕೊಟ್ಟವಳಲ್ಲ.)

ಮೊನ್ನೆ ಆಳುಗಳ ಎದುರೇ ಬೈದರು: "ನಲವತ್ತೈದಾಯಿತು, ಇನ್ನೂ ಸುಣ್ಣದ ಚೀಲ ಕಟ್ಟಲು ಬರುವುದಿಲ್ಲ." ಹೋಗಿ ಕಟ್ಟಿ ಬಂದೆ.