ಕ್ವಿನ್ಸಿಯ ಪುಟ್ಟ ಇಂಜಿನ್ ಕಟ್ಟಿದ್ದು ಹೀಗೆ

ಮಾಡೆಲ್ ರೈಲಿನ ಹುಚ್ಚು ಹತ್ತಿದವರಿಗೆ ಅಮೆರಿಕದ ಯೂನಿಯನ್ ಪೆಸಿಫಿಕ್ ರೈಲು ಕಂಪನಿಯ ದೈತ್ಯ ಉಗಿ ಇಂಜಿನ್ 'ಬಿಗ್ ಬಾಯ್' ಅಂದ್ರೆ ಬಾಯಲ್ಲಿ ನೀರೂರುತ್ತದೆ. ನನಗೂ ಆಸೆ ಇತ್ತು. ಆದರೆ ನನ್ನ ರೈಲು ಓಡಬೇಕಾದ್ದು ಗ್ಯಾರೇಜಿನ ಗೋಡೆಗೆ ಒರಗಿಸಿದ ಹಲಗೆಯ ಮೇಲೆ. ಅಲ್ಲಿನ ತಿರುವಿನ ತ್ರಿಜ್ಯ ಬರೀ 18 ಇಂಚು. ಅಷ್ಟು ಬಿಗಿ ತಿರುವಿಗೆ ಆ ದೈತ್ಯ ಸಲ್ಲುವುದಿಲ್ಲ. ಹಾಗಾಗಿ ಬಿಗ್ ಬಾಯ್ ತಯಾರಿಸಿದ ಅದೇ ಅಲ್ಕೋ ಕಂಪನಿ 1924ರಲ್ಲಿ ಕಟ್ಟಿದ ಪುಟ್ಟ ಇಂಜಿನ್ ಆರಿಸಿಕೊಂಡೆ: ಕ್ವಿನ್ಸಿ ರೈಲ್‌ರೋಡ್ ನಂಬರ್ 2.

ಕ್ವಿನ್ಸಿ ಉತ್ತರ ಕ್ಯಾಲಿಫೋರ್ನಿಯಾದ ಬೆಟ್ಟಗಳ ನಡುವಿನ ಊರು. ವೆಸ್ಟರ್ನ್ ಪೆಸಿಫಿಕ್ ಕಂಪನಿ ಫೆದರ್ ನದಿಯ ಕಡೆ ಹಳಿ ಹಾಕಿದಾಗ ಈ ಊರನ್ನು ಬದಿಗೆ ಬಿಟ್ಟುಹೋಯಿತು. ಊರಿಗೂ ಮೈನ್ ಲೈನಿಗೂ ನಡುವೆ ಕೆಲವೇ ಮೈಲಿ. ಅಷ್ಟಕ್ಕೇ ಬೇರೆ ಕಂಪನಿ, ಬೇರೆ ಹಳಿ: ಅದೇ ಕ್ವಿನ್ಸಿ ರೈಲ್‌ರೋಡ್. ಸಾಗಿಸಿದ್ದು ಹೆಚ್ಚಾಗಿ ಮರ. ಇಷ್ಟು ಚಿಕ್ಕ ಲೈನಿಗೆ ಹಿಂದೆ ಟೆಂಡರ್ (ನೀರು, ಇಂಧನ ತುಂಬಿದ ಗಾಡಿ) ಎಳೆದುಕೊಂಡು ಹೋಗುವ ಇಂಜಿನ್ ಯಾಕೆ ಬೇಕು? ನೀರು ಇಂಜಿನ್ನಿನ ಮೈಮೇಲಿನ ಟ್ಯಾಂಕಿನಲ್ಲೇ ಇರುತ್ತದೆ. ಆ ಭಾರ ಚಕ್ರಗಳ ಮೇಲೆ ಕೂತು ಹಿಡಿತ ಜಾಸ್ತಿ ಮಾಡುತ್ತದೆ. ದೊಡ್ಡ ಚಕ್ರಗಳು ಆರು, ಮುಂದೆ ಎರಡು ಚಿಕ್ಕವು, ಹಿಂದೆ ಎರಡು. ಹಾಗಾಗಿ ಹಿಂದಕ್ಕೂ ಮುಂದಕ್ಕೂ ಸಲೀಸಾಗಿ ಓಡುತ್ತದೆ, ತಿರುಗಿಸಲು ಟರ್ನ್‌ಟೇಬಲ್ (ಇಂಜಿನ್ ನಿಲ್ಲಿಸಿ ಸುತ್ತಿಸುವ ಕಟ್ಟೆ) ಬೇಡ. ನನ್ನ ಹಲಗೆಯ ಮೇಲೂ ಟರ್ನ್‌ಟೇಬಲ್‌ಗೆ ಜಾಗವಿಲ್ಲ!

ಅಸಲಿ ಇಂಜಿನ್ ಈಗ ನಮ್ಮ ಫ್ರೀಮಾಂಟ್ ಪಕ್ಕದ ನೈಲ್ಸ್ ಕೆನ್ಯನ್ ರೈಲ್ವೆಯ ಸಂಗ್ರಹದಲ್ಲಿದೆ. ಎಲ್ಲ ಬದಿಯಿಂದಲೂ ಫೋಟೋ ತೆಗೆದುಕೊಂಡು ಬಂದೆ. ನನ್ನದು ಎಚ್‌ಓ ಅಳತೆ. ಅಂದರೆ ಅಸಲಿನ 87ರಲ್ಲಿ ಒಂದು ಪಾಲು, ಹಳಿಯ ಅಗಲ 16.5 ಮಿ.ಮೀ. ಮೋಟಾರು, ಚಕ್ರ ಎಲ್ಲ ಬಾಕ್‌ಮನ್ ಕಂಪನಿಯ ಹಳೆಯ 2-6-2 (ಅಂದರೆ ಇದರಂತೆಯೇ ಮುಂದೆ ಎರಡು, ನಡುವೆ ಆರು, ಹಿಂದೆ ಎರಡು ಚಕ್ರದ) ಮಾಡೆಲ್ ಇಂಜಿನ್ನಿನಿಂದ ಬಂತು. ಚಕ್ರದ ಕೆಲಸ ಮನೆಯಲ್ಲಿ ಮಾಡುವ ಹಟ ನನಗಿಲ್ಲ.

ಖುಷಿ ಕೊಟ್ಟದ್ದು ಟ್ಯಾಂಕಿನ ಕೆಲಸ. ಪ್ಲಾಸ್ಟಿಕ್ ಹಾಳೆಗೆ ಬ್ಲೇಡಿನಿಂದ ಗೀರು ಹಾಕಿ ಮಡಚಿದರೆ ಟಕ್ ಅಂತ ನೇರವಾಗಿ ಮುರಿಯುತ್ತದೆ. ರಿವೆಟ್, ಅಂದರೆ ತಗಡು ಜೋಡಿಸುವ ಮೊಳೆಗಳ ತಲೆ, ಮೂಡಿಸುವುದಕ್ಕೆ ತೆಳು ಹಾಳೆ ಬೇಕು. ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು, ಸ್ಕೇಲಿಗೆ ಆನಿಸಿ, ಮೊಂಡು ಸೂಜಿಯಿಂದ ಒಂದೊಂದೇ ಚುಕ್ಕೆ ಒತ್ತಬೇಕು. ಜೋರಾಗಿ ಒತ್ತಿದರೆ ತೂತು, ಮೆಲ್ಲಗೆ ಒತ್ತಿದರೆ ಬಣ್ಣದಡಿ ಮಾಯ. ಆಮೇಲೆ ಅದನ್ನು ದಪ್ಪ ಹಾಳೆಯ ಮೇಲೆ ಅಂಟಿಸಿದೆ. ಅಂಗಡಿಯಲ್ಲಿ ಅಂಟಿಸುವ ಸಿದ್ಧ ರಿವೆಟ್ ಡಿಕಾಲ್ ಸಿಗುತ್ತದೆ, ನಿಜ. ಆದರೆ ಸೂಜಿ ಹಿಡಿದು ಕೂತರೆ ಆಫೀಸಿನ ತಲೆನೋವು ಮರೆತುಹೋಗುತ್ತದೆ.

ಭಾರಕ್ಕೆಂದು ಟ್ಯಾಂಕಿನೊಳಗೆ ನೀರಿನ ಬದಲು ಸೀಸ. ಇಲ್ಲಿ ಒಂದು ಎಚ್ಚರಿಕೆ. ಸೀಸವನ್ನು ಬಿಳಿ ಅಂಟಿನಿಂದ ಕೂರಿಸಬೇಡಿ. ವರ್ಷಗಳು ಕಳೆದಂತೆ ಸೀಸ ಬೂದಿಯಂಥ ಬಿಳಿ ಪುಡಿಯಾಗಿ ಉಬ್ಬಿ ಟ್ಯಾಂಕನ್ನೇ ಬಿರಿಯಿಸುತ್ತದೆ. ಎಪಾಕ್ಸಿ ಬಳಸಿ. ಸೀಸ ಮುಟ್ಟಿದ ಕೈ ತೊಳೆದೇ ಕಾಫಿ ಕುಡಿಯಿರಿ. ಭಾರ ನಡುವಿನ ದೊಡ್ಡ ಚಕ್ರದ ಮೇಲೇ ಬೀಳಬೇಕು. ನೋಡುವ ಉಪಾಯ ಸುಲಭ: ಆ ಚಕ್ರದ ನೇರಕ್ಕೆ ಇಂಜಿನ್ನಿನ ಕೆಳಗೆ ಪೆನ್ಸಿಲ್ ಇಟ್ಟು, ಅದು ಯಾವ ಕಡೆ ವಾಲುತ್ತದೆ ನೋಡಿ. ನನ್ನದು ಹಿಂದಕ್ಕೆ ವಾಲಿತು. ಟ್ಯಾಂಕಿನ ಮುಂಬದಿಗೆ ಇನ್ನಷ್ಟು ಸೀಸ ಹಾಕಿದೆ.

ಕಂಟ್ರೋಲ್ ಡಿಕೋಡರ್ (ಹಳಿಯಿಂದ ಬರುವ ಆದೇಶದಂತೆ ಮೋಟಾರು ನಡೆಸುವ ಪುಟ್ಟ ಸರ್ಕ್ಯೂಟ್) ಚಾಲಕನ ಕ್ಯಾಬಿನ ಹಿಂದೆ, ಎಣ್ಣೆ ತುಂಬುವ ಬಂಕರಿನೊಳಗೆ ಅಡಗಿತು. ಪುಟ್ಟ ಇಂಜಿನ್ನಿಗೆ ಹಳಿಯಿಂದ ಕರೆಂಟು ಹೀರುವ ಚಕ್ರಗಳೂ ಕಡಿಮೆ. ಧೂಳು ಸಿಕ್ಕಿದರೆ ತಟ್ಟನೆ ನಿಲ್ಲುತ್ತದೆ. ಅದಕ್ಕೇ ಕ್ಷಣಕಾಲಕ್ಕೆ ಕರೆಂಟು ಹಿಡಿದಿಡುವ ಒಂದು ಕೆಪಾಸಿಟರ್ ಕೂಡ ತುರುಕಿದೆ. ಬಣ್ಣ ಕಪ್ಪು, ಆದರೆ ಅಪ್ಪಟ ಕಪ್ಪು ಬಳಿದರೆ ರಿವೆಟ್ ಕಾಣುವುದಿಲ್ಲ. ಸ್ವಲ್ಪ ಬೂದು ಬೆರೆಸಿದೆ. ನೀರು ತುಂಬುವ ಬಾಯಿಯ ಕೆಳಗೆ ಸುಣ್ಣದಂಥ ಬಿಳಿ ಜಾಡು, ಬಂಕರಿನ ಬದಿಗೆ ಎಣ್ಣೆಯ ಜಿಡ್ಡು.

ಈಗ ಶೇಕಡ 2ರ ಏರಿನಲ್ಲಿ ಮರ ತುಂಬಿದ ನಾಲ್ಕು ವ್ಯಾಗನ್ ಎಳೆಯುತ್ತದೆ. ಐದನೆಯದು ಜೋಡಿಸಿದರೆ ಚಕ್ರ ನಿಂತಲ್ಲೇ ತಿರುಗುತ್ತದೆ. ಪರವಾಗಿಲ್ಲ, ಎರಡು ಸಲ ಹೋಗಿಬಂದರಾಯ್ತು. ಇಷ್ಟು ಚಿಕ್ಕ ಲೈನಿನಲ್ಲಿ ಯಾರಿಗೇನು ಅವಸರ, ಅಲ್ವಾ?