ಈ ಊರು ಯಾವುದಕ್ಕೆ ಹೆದರುತ್ತದೆ? ಅಟ್ಲಾಂಟಾಕ್ಕೆ ಬಂದ ಹೊಸಬರಿಗೆ

ಬ್ಯಾಂಕ್ ಖಾತೆ, ಬಾಡಿಗೆ ಕರಾರು, ಆರೋಗ್ಯ ವಿಮೆ ಇವನ್ನೆಲ್ಲ ತಿಳಿದವರು ನಮ್ಮ ಕನ್ನಡ ಕೂಟದ ಈ ಮಾರ್ಗದರ್ಶಿಯ ಬೇರೆ ಪುಟಗಳಲ್ಲಿ ಬರೆದಿದ್ದಾರೆ. ನನ್ನ ಪಾಲಿಗೆ ಉಳಿದದ್ದು ‘ಊರಿನ ಸುದ್ದಿ’. ಸಮಿತಿಯ ಸಭೆಗೆ ತಡವಾಗಿ ಹೋದವರಿಗೆ ಸಿಗುವುದು ಇಂಥದ್ದೇ. ಆದರೂ ಹದಿನೆಂಟು ವರ್ಷ ಬೆಳಗಿನ ಕಾಫಿಯ ಜೊತೆ ಸ್ಥಳೀಯ ಟೀವಿ ನೋಡಿದವನಾಗಿ ಒಂದು ಮಾತು ಹೇಳಬಲ್ಲೆ: ಈ ಊರು ಯಾವುದಕ್ಕೆ ಹೆದರುತ್ತದೆ, ಯಾವುದನ್ನು ಕಂಡೂ ಕಾಣದಂತೆ ಇರುತ್ತದೆ ಎಂಬುದು ಗೊತ್ತಾದರೆ ಅರ್ಧ ಸಂಸಾರ ಹೂಡಿದಂತೆ.

ಹೆದರುವುದು ಹಿಮಕ್ಕೆ

ಊರಿನಿಂದ ಅತ್ತೆಯವರು ಫೋನು ಮಾಡಿ ‘ಅಲ್ಲಿ ಹಿಮ ಬೀಳುತ್ತದೆಯಂತಲ್ಲ’ ಎಂದು ಕೇಳಿದರೆ, ಹಿಮಕ್ಕಿಂತ ಹಿಮದ ಸುದ್ದಿಯೇ ಹೆಚ್ಚು ಬೀಳುತ್ತದೆ ಎನ್ನಿ. ಮುನ್ಸೂಚನೆ ಬಂದ ದಿನವೇ ಅಂಗಡಿಗಳಲ್ಲಿ ಬ್ರೆಡ್ಡು ಮತ್ತು ಹಾಲು ಮಾಯವಾಗುತ್ತವೆ. ಈ ಜನ ಹಿಮ ಬಿದ್ದಾಗ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿಕೊಂಡು ಏನು ಮಾಡುತ್ತಾರೋ ನನಗೆ ಇನ್ನೂ ತಿಳಿದಿಲ್ಲ. ನಿಮ್ಮ ಮನೆಯಲ್ಲಿ ಅಕ್ಕಿ, ಬೇಳೆ, ಉಪ್ಪಿನಕಾಯಿ ಇರುವವರೆಗೆ ಆ ಸಾಲಿನಲ್ಲಿ ನಿಲ್ಲುವ ಅಗತ್ಯವಿಲ್ಲ. ಮೊಸರಿಗೆ ಬೇಕಾದ ಹಾಲನ್ನು ಮಾತ್ರ ಎರಡು ದಿನ ಮೊದಲೇ ತಂದಿಡಿ.

ಆದರೆ ಹೆದರಿಕೆಗೆ ಕಾರಣವಿಲ್ಲ ಎಂದುಕೊಳ್ಳಬೇಡಿ. 2014ರ ಜನವರಿ 28, ಮಂಗಳವಾರ, ಬಿದ್ದದ್ದು ಎರಡೂವರೆ ಅಂಗುಲದಷ್ಟು ಹಿಮ. ಮಧ್ಯಾಹ್ನದ ಹೊತ್ತಿಗೆ ಶಾಲೆ, ಕಚೇರಿ, ಸರ್ಕಾರ ಎಲ್ಲವೂ ಸೇರಿ ಮಾತಾಡಿಕೊಂಡವರಂತೆ ಒಂದೇ ಸಮಯಕ್ಕೆ ಎಲ್ಲರನ್ನೂ ಮನೆಗೆ ಬಿಟ್ಟವು. ರಸ್ತೆಯ ಹಿಮ ಗಾಜಿನಂತೆ ಗಟ್ಟಿಯಾಯಿತು. ಸಾವಿರಾರು ಮಕ್ಕಳು ಶಾಲೆಗಳಲ್ಲೇ ರಾತ್ರಿ ಕಳೆದರು. ದೊಡ್ಡವರು ಅಂಗಡಿಗಳೊಳಗೆ ಕಪಾಟಿನ ಸಾಲುಗಳ ನಡುವೆ ಮಲಗಿದರು.

ಅರ್ಧ ಗಂಟೆಯ ದಾರಿಗೆ ನನಗೆ ಹನ್ನೊಂದು ಗಂಟೆ ಹಿಡಿಯಿತು. ಕಾರಿನಲ್ಲಿ ತಿನ್ನಲು ಇದ್ದದ್ದು ಕೂಟದ ಸಂಕ್ರಾಂತಿಯಲ್ಲಿ ಹಂಚಿ ಉಳಿದಿದ್ದ ಎಳ್ಳುಬೆಲ್ಲದ ಎರಡು ಪೊಟ್ಟಣ ಮತ್ತು ಸಕ್ಕರೆ ಅಚ್ಚಿನ ಒಂದು ಮುರುಕು ಬಸವ. ಪಕ್ಕದ ಸಾಲಿನ ಲಾರಿಯವನು ಕಿಟಕಿ ಇಳಿಸಿದಾಗ ಒಂದು ಪೊಟ್ಟಣ ಅವನಿಗೆ ಕೊಟ್ಟೆ. ಕೊಬ್ಬರಿಯ ಚೂರನ್ನು ದೀಪಕ್ಕೆ ಹಿಡಿದು ನೋಡಿ, ಬಾಯಿಗೆ ಹಾಕಿಕೊಂಡು, ‘ಬ್ಲೆಸ್ ಯುವರ್ ಹಾರ್ಟ್’ ಎಂದ. ಈ ಮಾತಿನ ಬಗ್ಗೆ ಹೊಸಬರಿಗೆ ಎಚ್ಚರಿಕೆ. ಇದು ಹರಕೆಯೂ ಹೌದು, ‘ಪಾಪ, ಬುದ್ಧಿ ಸ್ವಲ್ಪ ಕಡಿಮೆ’ ಎಂಬುದರ ಮರ್ಯಾದಸ್ಥ ರೂಪವೂ ಹೌದು. ಯಾವುದೆಂದು ಧ್ವನಿ ಕೇಳಿ ತಿಳಿಯಬೇಕು. ಅವನು ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತನ್ನೇ ಆಡಿದನೆಂದು ನಾನು ನಂಬಿಕೊಂಡಿದ್ದೇನೆ.

ಅಂದಿನಿಂದ ಡಿಸೆಂಬರ್ ಬಂತೆಂದರೆ ಕಾರಿನ ಡಿಕ್ಕಿಯಲ್ಲಿ ಹೊದಿಕೆ, ನೀರು, ಮೊಬೈಲ್ ಚಾರ್ಜರ್, ಒಂದು ಡಬ್ಬಿ ಚಕ್ಕುಲಿ ಇಡುತ್ತೇವೆ. ಟ್ಯಾಂಕಿನ ಪೆಟ್ರೋಲು ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ. ನೀವೂ ಹಾಗೆ ಮಾಡಿ. ಪರಿಸ್ಥಿತಿ ಎಷ್ಟು ಗಂಭೀರ ಎಂದು ತಿಳಿಯಲು ಟೀವಿಗಿಂತ ವಾಫಲ್ ಹೌಸ್ ನೋಡಿ. 1955ರಲ್ಲಿ ಇಲ್ಲೇ ಪಕ್ಕದ ಏವನ್‌ಡೇಲ್ ಎಸ್ಟೇಟ್ಸಿನಲ್ಲಿ ಶುರುವಾದ, ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುವ ಹೋಟೆಲು ಅದು. ಚಂಡಮಾರುತ ಬಂದಾಗ ಅದು ತೆರೆದಿದೆಯೇ ಮುಚ್ಚಿದೆಯೇ ಎಂಬುದನ್ನು ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣೆಯವರೇ ಅಳತೆಗೋಲಾಗಿ ಬಳಸಿದ್ದಾರೆ. ನಮ್ಮಲ್ಲಿ ದರ್ಶಿನಿಗಳು ಬಾಗಿಲು ಹಾಕಿದರೆ ಮಾತ್ರ ಬಂದ್ ಯಶಸ್ವಿ ಎನ್ನುತ್ತೇವಲ್ಲ, ಹಾಗೆ.

ದಾರಿ ಕೇಳುವವರಿಗೆ

ಬೆಂಗಳೂರಿನಲ್ಲಿ ‘ನಾಲ್ಕನೇ ಬ್ಲಾಕ್, ಹನ್ನೊಂದನೇ ಮೇನ್, ಮೂವತ್ತಮೂರನೇ ಕ್ರಾಸ್’ ಹುಡುಕಿದವರಿಗೆ ಇಲ್ಲಿ ಹೊಸ ಪರೀಕ್ಷೆ. ಪೀಚ್‌ಟ್ರೀ ಎಂಬ ಹೆಸರು ಹೊತ್ತ ರಸ್ತೆಗಳು ಎಪ್ಪತ್ತಕ್ಕಿಂತ ಹೆಚ್ಚಿವೆ. ಹೋಗಿ ಹೋಗಿ ಒಂದು ಪೀಚ್‌ಟ್ರೀಯಿಂದ ಇನ್ನೊಂದು ಪೀಚ್‌ಟ್ರೀಗೆ ಬಲಕ್ಕೆ ತಿರುಗುತ್ತೀರಿ. ಯಾರಾದರೂ ವಿಳಾಸ ಕೊಟ್ಟರೆ ಅದು ಸ್ಟ್ರೀಟೋ, ರೋಡೋ, ಡ್ರೈವೋ ಎಂದು ಕೇಳಿ, ಕೊನೆಗೆ ಬರುವ ದಿಕ್ಕಿನ ಅಕ್ಷರಗಳನ್ನು ಬಿಡದೆ ಬರೆದುಕೊಳ್ಳಿ. ಮರಿಯೆಟ್ಟಾ ಕಡೆ ಹೋದರೆ ದಾರಿ ಹೇಳುವುದು ಕೋಳಿಯಿಂದ. 1963ರಲ್ಲಿ ಕಟ್ಟಿದ ಐವತ್ತಾರು ಅಡಿ ಎತ್ತರದ ಕೋಳಿಯದು. ಕೊಕ್ಕು ಆಡುತ್ತದೆ, ಕಣ್ಣು ಹೊರಳುತ್ತದೆ. ‘ದೊಡ್ಡ ಕೋಳಿಯ ಹತ್ತಿರ ಎಡಕ್ಕೆ’ ಎಂದು ಹೇಳಲು ನಮ್ಮ ಮಡಿವಂತ ಹಿರಿಯರೊಬ್ಬರಿಗೆ ಮೂರು ವರ್ಷ ಬೇಕಾಯಿತು. ಈಗ ಮಾರಮ್ಮನ ಗುಡಿಯ ಹಾಗೆ ಸಲೀಸಾಗಿ ಹೇಳುತ್ತಾರೆ.

ಸುದ್ದಿಯಲ್ಲಿ ‘ಪೆರಿಮೀಟರ್’ ಎಂದರೆ ಊರನ್ನು ಸುತ್ತುವರಿದ ಐ-285 ವರ್ತುಲ ರಸ್ತೆ. ‘ಅಟ್ಲಾಂಟಾದಲ್ಲಿದ್ದೇವೆ’ ಎನ್ನುವ ನಮ್ಮವರಲ್ಲಿ ಬಹುಪಾಲು ಇರುವುದು ಅದರ ಹೊರಗೆ, ಆಲ್ಫರೆಟ್ಟಾ, ಜಾನ್ಸ್ ಕ್ರೀಕ್, ಕಮ್ಮಿಂಗ್, ಸುವಾನಿ ಕಡೆ. ಮಾರ್ಟಾ ರೈಲು ವಿಮಾನ ನಿಲ್ದಾಣದ ಒಳಕ್ಕೇ ಬರುತ್ತದೆ, ಆದರೆ ಈ ಊರುಗಳವರೆಗೆ ಬರುವುದಿಲ್ಲ. ಸುವಾನಿ ಇರುವ ಗ್ವಿನೆಟ್ ಕೌಂಟಿಯ ಮತದಾರರು 1971ರಲ್ಲಿ ಬೇಡವೆಂದರು, 1990ರಲ್ಲಿ ಬೇಡವೆಂದರು, 2019ರಲ್ಲೂ ಬೇಡವೆಂದರು. ಆದ್ದರಿಂದ ಕಾರು ಬೇಕೇ ಬೇಕು. ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯದ ನಿವಾಸಿಯಾದ 30 ದಿನಗಳೊಳಗೆ ಇಲ್ಲಿನ ಚಾಲನಾ ಪರವಾನಗಿ ಮಾಡಿಸಬೇಕು. 2018ರ ಜುಲೈನಿಂದ ಗಾಡಿ ಓಡಿಸುವಾಗ ಮೊಬೈಲನ್ನು ಕೈಯಲ್ಲಿ ಹಿಡಿಯುವಂತಿಲ್ಲ. ಊರಿನ ವಾಟ್ಸ್ಆ್ಯಪ್ ಗುಂಪಿನ ಶುಭೋದಯಕ್ಕೆ ಮನೆ ಸೇರಿದ ಮೇಲೆ ಉತ್ತರಿಸಿ.

ಈ ರಸ್ತೆಗಳನ್ನು ಬೈಯುವ ಮೊದಲು ಒಂದು ವಿಷಯ. 2017ರ ಮಾರ್ಚ್ 30ರಂದು ಐ-85ರ ಸೇತುವೆಯ ಕೆಳಗೆ ಇಟ್ಟಿದ್ದ ಪ್ಲಾಸ್ಟಿಕ್ ಕೊಳವೆಗಳಿಗೆ ಬೆಂಕಿ ಬಿದ್ದು ಸೇತುವೆಯೇ ಕುಸಿಯಿತು. ಯಾರೂ ಸಾಯಲಿಲ್ಲ. ಆರೇಳು ವಾರಗಳಲ್ಲಿ ಹೊಸದು ಕಟ್ಟಿ ಸಂಚಾರಕ್ಕೆ ಬಿಟ್ಟರು. ಬೆಂಗಳೂರಿನ ಈಜಿಪುರ ಮೇಲ್ಸೇತುವೆಯ ಕೆಲಸ ಆರಂಭವಾದದ್ದೂ 2017ರಲ್ಲೇ. ಹೆಚ್ಚು ಹೇಳಿದರೆ ತವರಿನ ದೂರು ಆಗುತ್ತದೆ.

ಅರಿಶಿನದ ತಿಂಗಳು

ಮಾರ್ಚ್ ಕೊನೆಯಲ್ಲಿ ಒಂದು ಬೆಳಿಗ್ಗೆ ಎದ್ದು ನೋಡಿದರೆ ಕಾರು, ಮೆಟ್ಟಿಲು, ನಾಯಿ ಎಲ್ಲವೂ ಹಳದಿ. ಪೈನ್ ಮರಗಳ ಪರಾಗ. ಟೀವಿಯವರು ದಿನವೂ ಚಿನ್ನದ ಬೆಲೆಯಂತೆ ಪರಾಗದ ಎಣಿಕೆ ಹೇಳುತ್ತಾರೆ. 1500 ದಾಟಿದರೆ ವಿಪರೀತ ಎಂದು ಲೆಕ್ಕ. 2025ರ ಮಾರ್ಚ್ 29ರಂದು 14,801 ಆಗಿ ದಾಖಲೆ ಮುರಿಯಿತು. ಮರುದಿನ ಯುಗಾದಿ. ನನ್ನ ಹೆಂಡತಿ ನಸುಕಿನಲ್ಲೇ ಎದ್ದು ಹೊಸ್ತಿಲಿಗೆ ಅರಿಶಿನ ಹಚ್ಚಿ, ಕುಂಕುಮ ಇಟ್ಟು ಒಳಗೆ ಹೋಗಿದ್ದಳು. ಪಕ್ಕದ ಮನೆಯ ಅಜ್ಜಿ ತಮ್ಮ ಮೆಟ್ಟಿಲು ತೊಳೆಯುತ್ತಿದ್ದವರು, ಉಪಕಾರವಾಗಲಿ ಎಂದು ಅದೇ ಪೈಪಿನಿಂದ ನಮ್ಮ ಹೊಸ್ತಿಲನ್ನೂ ತೊಳೆದುಬಿಟ್ಟರು. ‘ನಿಮ್ಮ ಕಡೆ ಕೆಂಪು ಪರಾಗವೂ ಬಿದ್ದಿತ್ತು’ ಎಂದು ಆಶ್ಚರ್ಯಪಟ್ಟರು. ಅವರಿಗೆ ಒಂದು ತಟ್ಟೆ ಒಬ್ಬಟ್ಟು ಹೋಯಿತು, ಹೊಸ್ತಿಲಿಗೆ ಎರಡನೇ ಬಾರಿ ಅರಿಶಿನ ಬಂತು.

ಕಿಟಕಿ ಮುಚ್ಚಿಡಿ. ಹೊರಗಿನಿಂದ ಬಂದ ಮಕ್ಕಳಿಗೆ ಮುಖ ತೊಳೆಸಿ. ಮೊದಲ ವರ್ಷ ನಮಗೇನೂ ಆಗಲಿಲ್ಲ ಎಂದು ಜಂಬಪಡಬೇಡಿ, ಸೀನು ಎರಡನೆಯ ಅಥವಾ ಮೂರನೆಯ ವರ್ಷಕ್ಕೂ ಶುರುವಾಗಬಹುದು. ಅಮ್ಮಂದಿರು ಬಂದಿದ್ದರೆ, ಏಪ್ರಿಲ್ ಮುಗಿಯುವವರೆಗೆ ಹಿತ್ತಲಿನ ಜಗುಲಿಯಲ್ಲಿ ಸಂಡಿಗೆ ಒಣಹಾಕದಂತೆ ನೋಡಿಕೊಳ್ಳಿ. ನಾವು ಒಮ್ಮೆ ಹಾಕಿ, ಕರಿದು, ತಿಂದೂ ಇದ್ದೇವೆ. ಹೇಳುವಂಥದ್ದಲ್ಲ.

ಶಾಲೆಯ ವಿಷಯ ಚುಟುಕಾಗಿ: ಇಲ್ಲಿ ತರಗತಿ ಶುರುವಾಗುವುದು ಆಗಸ್ಟ್ ಮೊದಲ ವಾರದ ಆಸುಪಾಸು. ಅಮೆರಿಕದಲ್ಲಿ ಸೆಪ್ಟೆಂಬರ್ ಎಂದು ನ್ಯೂಜೆರ್ಸಿಯ ನೆಂಟರು ಹೇಳಿದ್ದನ್ನು ನಂಬಬೇಡಿ. ಕಿಂಡರ್‌ಗಾರ್ಟನ್‌ಗೆ ಸೆಪ್ಟೆಂಬರ್ 1ಕ್ಕೆ ಐದು ತುಂಬಿರಬೇಕು. ಲಸಿಕೆಗೆ 3231 ಸಂಖ್ಯೆಯ ನಮೂನೆ, ಕಣ್ಣು, ಕಿವಿ, ಹಲ್ಲಿನ ತಪಾಸಣೆಗೆ 3300. ಊರಿನ ಲಸಿಕೆ ಪುಸ್ತಕವನ್ನು ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕದೆ ಕೈಚೀಲದಲ್ಲೇ ತನ್ನಿ.

ಊಟದಲ್ಲಿ ಸಸ್ಯಾಹಾರಿಗಳು ಗಮನಿಸಬೇಕಾದದ್ದು ಸೊಪ್ಪು. ಕಾಲರ್ಡ್ ಸೊಪ್ಪಿನ ಪಲ್ಯ ಕಂಡು ಬಾಯಿ ನೀರೂರಬಹುದು. ಆದರೆ ದಕ್ಷಿಣದ ಪದ್ಧತಿಯಲ್ಲಿ ಅದು ಹಂದಿಯ ಮೂಳೆಯೊಂದಿಗೆ ಬೇಯುತ್ತದೆ. ಬೀನ್ಸ್ ಕೂಡ ಅಷ್ಟೆ. ಕೇಳಿ ತಿನ್ನಿ. ಗ್ರಿಟ್ಸ್ ಎಂಬುದು ಮೆಕ್ಕೆಜೋಳದ ನುಚ್ಚಿನ ಗಂಜಿ, ಒಗ್ಗರಣೆ ಕೊಟ್ಟರೆ ನಮ್ಮದೇ ಆಗುತ್ತದೆ. ಹೆದ್ದಾರಿ ಬಿಟ್ಟು ಹಳ್ಳಿ ರಸ್ತೆಗೆ ಇಳಿದರೆ ಉಪ್ಪು ಹಾಕಿ ಬೇಯಿಸಿದ ಬಿಸಿ ಕಡಲೆಕಾಯಿ ಮಾರುತ್ತಿರುತ್ತಾರೆ. ಅಮೆರಿಕದಲ್ಲಿ ಅತಿ ಹೆಚ್ಚು ಕಡಲೆಕಾಯಿ ಬೆಳೆಯುವ ರಾಜ್ಯವಿದು. ಬಸವನಗುಡಿಯ ಪರಿಷೆ ನೆನಪಾಗಿ ಗಂಟಲು ಕಟ್ಟಿದರೆ ನಾಚಿಕೊಳ್ಳಬೇಡಿ, ಇನ್ನೊಂದು ಪೊಟ್ಟಣ ಕೊಳ್ಳಿ.

ಹೆದರದೆ ಇದ್ದದ್ದು ನಾವು ಮಾತ್ರ

ಮೇ, ಜೂನಿನಲ್ಲಿ ಬಡಾವಣೆಗೆ ಎಳೆಯ ಕರಡಿ ಬಂದರೆ ಅದು ಸುದ್ದಿಯ ಹಬ್ಬ. ಕಸದ ಡಬ್ಬಿ ಒಳಗಿಡಿ, ಫೋಟೋಗೆಂದು ಹತ್ತಿರ ಹೋಗಬೇಡಿ. ನವರಾತ್ರಿಯ ಹೊತ್ತಿಗೆ ಅಂಗಳದಲ್ಲಿ ಬಲೆ ಕಟ್ಟುವ ಅಂಗೈ ಅಗಲದ ಹಳದಿ ಜೋರೋ ಜೇಡವೂ ಪ್ರತಿ ವರ್ಷ ಟೀವಿಗೆ ಬರುತ್ತದೆ. ಪೂರ್ವ ಏಷ್ಯಾದಿಂದ ಬಂದು ನೆಲೆಸಿದ ಅದು ಯಾರಿಗೂ ಕೇಡು ಮಾಡುವುದಿಲ್ಲ.

ಆದರೆ 2024ರ ಮೇ 31ರಂದು ನಗರದ ಹಳೆಯ ದೊಡ್ಡ ನೀರಿನ ಕೊಳವೆಗಳು ಒಡೆದಾಗ ಆದ ಗಲಿಬಿಲಿಯೇ ಬೇರೆ. ನಲ್ಲಿ ಒಣಗಿತು, ಹೋಟೆಲುಗಳು ಮುಚ್ಚಿದವು, ಕುದಿಸಿ ಕುಡಿಯಿರಿ ಎಂಬ ಸೂಚನೆ ಹಲವು ದಿನ ಇತ್ತು. ಅದೇ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಟ್ಯಾಂಕರ್‌ಗೆ ಕಾದು ಸಾಕಾಗಿ ಇಲ್ಲಿಗೆ ಬಂದಿದ್ದ ಒಂದು ಕುಟುಂಬ ನಗರದೊಳಗಿನ ಅಪಾರ್ಟ್‌ಮೆಂಟಿನಲ್ಲಿತ್ತು. ಸುದ್ದಿ ಕೇಳಿದ ಆ ಮನೆಯಾಕೆ, ‘ಎಷ್ಟು ಗಂಟೆಗೆ ಬಿಡುತ್ತಾರಂತೆ?’ ಎಂದಷ್ಟೇ ಕೇಳಿದರು. ನಲ್ಲಿ ಸಣ್ಣಗಾಗುವ ಮೊದಲೇ ಬಕೆಟು, ಕುಕ್ಕರು, ಇಡ್ಲಿ ಪಾತ್ರೆ ಎಲ್ಲ ತುಂಬಿದ್ದವು. ಸಂಜೆಗೆ ಆ ಮಹಡಿಯ ಅಮೆರಿಕನ್ನರು ಒಬ್ಬೊಬ್ಬರಾಗಿ ಬಂದು, ಬಕೆಟ್ಟಿನಿಂದ ಚೊಂಬಿನಲ್ಲಿ ನೀರು ಮೊಗೆದು ಸ್ನಾನ ಮಾಡುವುದು ಹೇಗೆಂದು ಕೇಳಿಕೊಂಡು ಹೋದರು.

ನಿಮ್ಮ ಮನೆಗೆ ಯಾವ ಊರಿನ ನೀರು ಬರುತ್ತದೆ ಎಂದು ಬಿಲ್ಲಿನಲ್ಲಿ ನೋಡಿಟ್ಟುಕೊಳ್ಳಿ, ಸೂಚನೆ ನಿಮಗೆ ಅನ್ವಯಿಸುತ್ತದೆಯೇ ಎಂಬುದು ಅದರಿಂದಲೇ ತಿಳಿಯುತ್ತದೆ. ಕುದಿಸುವುದಾದರೆ ನೀರು ಮರಳಲು ಶುರುವಾದ ಮೇಲೆ ಒಂದು ನಿಮಿಷ ಬಿಡಿ. ಇಲ್ಲಿನ ಬಚ್ಚಲುಮನೆಗಳಲ್ಲಿ ಬಕೆಟು ಇರುವುದಿಲ್ಲ, ಬಂದ ವಾರವೇ ಕೊಳ್ಳಿ. ಕೂಟದ ಸಾಮಾನಿನ ಕೋಣೆಯಲ್ಲಿ ಎರಡು ನೀಲಿ ಬಕೆಟುಗಳಿವೆ, ಬೇಕಾದವರು ಒಯ್ಯಬಹುದು. ಚೊಂಬನ್ನು ಯಾರೋ ಆ ಮೇ ತಿಂಗಳಲ್ಲಿ ಒಯ್ದವರು ಇನ್ನೂ ತಂದಿಲ್ಲ.