ಆರ್ಪೆಜಿಯೇಟರ್ ಆರಿಸುವ ಮೊದಲು ನಾನು ಮಾಡುವ ತಂಬೂರಿ ಪರೀಕ್ಷೆ

ಕೀಬೋರ್ಡ್‌ನಲ್ಲಿ ಒಂದು ಕಾರ್ಡ್ (ಒಟ್ಟಿಗೆ ನುಡಿಸುವ ಮೂರ್ನಾಲ್ಕು ಸ್ವರ) ಒತ್ತಿ ಹಿಡಿದರೆ, ಅದರ ಸ್ವರಗಳನ್ನು ಬಿಡಿಸಿ ಒಂದರ ಹಿಂದೆ ಒಂದರಂತೆ ನುಡಿಸುವುದು ಆರ್ಪೆಜಿಯೇಟರ್ ಕೆಲಸ. ನಾವೆಲ್ಲ ಸುಮ್ನೆ ಆರ್ಪ್ ಅಂತೀವಿ. ಇದು ಟ್ಯೂನ್ ಹುಟ್ಟಿಸುವ ಯಂತ್ರ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ನನ್ನ ಮಟ್ಟಿಗೆ ಆರ್ಪ್ ಅಂದರೆ ಲಯವಾದ್ಯ. ಯಾವ ಸ್ವರ ಬೇಕು ಅನ್ನುವುದನ್ನು ನನ್ನ ಬೆರಳು ಹೇಳುತ್ತದೆ. ಅದು ಯಾವಾಗ ಬರಬೇಕು, ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಅನ್ನುವುದು ಆರ್ಪ್‌ಗೆ ಬಿಟ್ಟದ್ದು. ಹಾಗಾಗಿ ಆರ್ಪ್ ಆರಿಸುವಾಗಲೂ ನಾನು ನೋಡುವುದು ಇದೊಂದನ್ನೇ: ಲಯದ ಮೇಲೆ ಎಷ್ಟು ಹಿಡಿತ ಸಿಗುತ್ತದೆ?

ಹಳೆಯ ಸಿಂಥ್‌ಗಳಲ್ಲಿ, ಅಂದರೆ ಸಿಂಥಸೈಜರ್ ಅನ್ನುವ ಎಲೆಕ್ಟ್ರಾನಿಕ್ ವಾದ್ಯಗಳಲ್ಲಿ, ಈ ಹಿಡಿತ ಕಡಿಮೆ. ರೋಲ್ಯಾಂಡ್‌ನ ಜುಪಿಟರ್-4 ಬಂದದ್ದು 1978ರಲ್ಲಿ, ಜೂನೋ-60 ಬಂದದ್ದು 1982ರಲ್ಲಿ. ಎರಡರಲ್ಲೂ ಆರ್ಪ್ ಇತ್ತು. ಜೂನೋ-60ರಲ್ಲಿ ಸ್ವರ ಮೇಲಕ್ಕೆ ಹೋಗಬೇಕೋ, ಕೆಳಕ್ಕೆ ಬರಬೇಕೋ, ಹೋಗಿ ಬರಬೇಕೋ, ಎಷ್ಟು ಸ್ಥಾಯಿ ಸುತ್ತಬೇಕು, ಎಷ್ಟು ವೇಗ ಅನ್ನುವುದನ್ನು ಹೇಳಬಹುದಿತ್ತು. ಅಲ್ಲಿಗೆ ಮುಗಿಯಿತು. ಅಷ್ಟರಲ್ಲೇ ಎಂಬತ್ತರ ದಶಕದ ಎಷ್ಟೋ ಪಾಪ್ ಹಾಡುಗಳು ನಡೆದವು ಅನ್ನುವುದು ಬೇರೆ ಮಾತು. ಆದರೆ ಇದನ್ನೂ ಸೀಕ್ವೆನ್ಸರನ್ನೂ ಒಂದೇ ಅಂದುಕೊಳ್ಳಬೇಡಿ. ಸೀಕ್ವೆನ್ಸರ್‌ನಲ್ಲಿ ಸ್ವರಗಳನ್ನು ಮೊದಲೇ ಬರೆದಿಟ್ಟಿರುತ್ತೀರಿ. ಆರ್ಪ್ ನಿಮ್ಮ ಬೆರಳನ್ನು ಕಾಯುತ್ತದೆ, ಬೆರಳು ಬದಲಾದರೆ ಅದೂ ಬದಲಾಗುತ್ತದೆ. 1982ರಲ್ಲಿ ಮುಂಬೈನ ಸಂಗೀತಗಾರ ಚರಣ್‌ಜಿತ್ ಸಿಂಗ್ ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದಾಗ ಅವರ ಹತ್ತಿರ ಜುಪಿಟರ್-8 ಸಿಂಥ್, ಟಿಆರ್-808 ಡ್ರಮ್ ಯಂತ್ರದ ಜೊತೆಗೆ ಟಿಬಿ-303 ಬೇಸ್ ಸಿಂಥ್ ಇತ್ತು. ಆ 303ರ ಒಳಗಿರುವುದು ಸೀಕ್ವೆನ್ಸರ್, ಆರ್ಪ್ ಅಲ್ಲ.

ಇನ್ನು ನನ್ನ ಪರೀಕ್ಷೆ. ಹೊಸ ಆರ್ಪ್ ಸಿಕ್ಕರೆ ಮೊದಲು ಅದಕ್ಕೆ ತಂಬೂರಿ ಮೀಟಲು ಹೇಳುತ್ತೇನೆ. ತಂಬೂರಿಯ ನಾಲ್ಕು ತಂತಿ ಎಲ್ಲರಿಗೂ ಗೊತ್ತು: ಮಂದ್ರ ಪಂಚಮ, ಮಧ್ಯ ಷಡ್ಜ, ಮತ್ತೆ ಮಧ್ಯ ಷಡ್ಜ, ಕೊನೆಗೆ ಮಂದ್ರ ಷಡ್ಜ. ಪ ಸ ಸ ಸ. ಕೀಬೋರ್ಡ್‌ನಲ್ಲಿ ಒತ್ತುವುದು ಮೂರೇ ಕೀ. ಮೇಲೆ ಕೆಳಗೆ ಓಡಾಡುವ ಆರ್ಪ್‌ಗೆ ಇದು ಆಗುವುದೇ ಇಲ್ಲ. ಒತ್ತಿದ ಕ್ರಮದಲ್ಲೇ ನುಡಿಸುವ ಮೋಡ್ ಇದ್ದರೆ ಪ ಸ ಸ ತನಕ ಬರುತ್ತದೆ. ಆದರೆ ನಡುವಿನ ಷಡ್ಜ ಎರಡು ಸಲ ಬೇಕಲ್ಲ, ಅದು ಬರುವುದಿಲ್ಲ. ಪ್ರತಿ ಹೆಜ್ಜೆಗೂ (ಹೆಜ್ಜೆ ಅಂದರೆ ಆರ್ಪ್ ಒಂದು ಸ್ವರ ನುಡಿಸುವ ಜಾಗ) 'ಕೆಳಗಿನಿಂದ ಎಷ್ಟನೇ ಕೀ' ಅಂತ ಹೇಳಲು ಬಿಡುವ ಆರ್ಪ್ ಮಾತ್ರ ಪಾಸ್. ಅಲ್ಲಿ 2, 3, 3, 1 ಅಂತ ಬರೆದರೆ ಆಯಿತು. ಹೆಜ್ಜೆ ಖಾಲಿ ಬಿಡಲು, ಎರಡು ಹೆಜ್ಜೆ ಸೇರಿಸಿ ಒಂದೇ ಉದ್ದ ಸ್ವರ ಮಾಡಲು ಬಂದರೆ ಇನ್ನೂ ಒಳ್ಳೆಯದು. ನಾನು ಜಾಸ್ತಿ ಬಳಸುವ ತಂತ್ರಾಂಶ ಬ್ಲೂಆರ್ಪ್‌ನಲ್ಲಿ ಇದೆಲ್ಲ ಇದೆ, ಅದೂ ಪುಕ್ಕಟೆ. ನೋಡಲು ಹಳೇ ಲೆಕ್ಕದ ಪುಸ್ತಕದ ಹಾಗಿದೆ, ಇರಲಿ.

ಪರೀಕ್ಷೆಯಲ್ಲಿ ಫೇಲಾದದ್ದನ್ನು ಬಿಸಾಕಬೇಕು ಅಂತಲ್ಲ. ಏಬಲ್ಟನ್ ಲೈವ್, ಲಾಜಿಕ್, ಎಫ್ಎಲ್ ಸ್ಟುಡಿಯೋ, ಕಂಪ್ಯೂಟರಲ್ಲಿ ಸಂಗೀತ ಕಟ್ಟುವ ಈ ತಂತ್ರಾಂಶ (ಡಾ, DAW) ಮೂರರಲ್ಲೂ ಆರ್ಪ್ ಜೊತೆಗೇ ಬರುತ್ತದೆ. ಶುರು ಮಾಡುವವರಿಗೆ ಅದೇ ಸಾಕು, ದುಡ್ಡು ಕೊಟ್ಟು ಬೇರೆ ತರಬೇಡಿ. ವೈಟಲ್‌ನಂಥ ಒಳ್ಳೆಯ ಸಿಂಥ್‌ನಲ್ಲಿ ಆರ್ಪ್ ಇಲ್ಲ ಅಂತ ಬೇಜಾರೂ ಬೇಡ. ಡಾ ಒಳಗಿನ ಆರ್ಪನ್ನು ಅದರ ಮುಂದೆ ಕೂರಿಸಬಹುದು. ಬೆರಳಲ್ಲಿ ತಿರುಗಿಸಿ ಆಡಬೇಕು ಅನ್ನುವವರಿಗೆ ಆರ್ಟೂರಿಯಾ ಕೀಸ್ಟೆಪ್ ಅನ್ನುವ ಪುಟ್ಟ ಕೀಬೋರ್ಡ್ ಚೆನ್ನಾಗಿದೆ.

ಬಳಸುವ ವಿಷಯಕ್ಕೆ ಬರೋಣ. ಒಂದು ಕಿರುಚಿತ್ರದಲ್ಲಿ ರಾತ್ರಿ ಬಸ್ಸಿನ ದೃಶ್ಯ ಇತ್ತು. ನಿರ್ದೇಶಕ ಹೇಳಿದ್ದು ಇಷ್ಟೇ: "ಓಡ್ತಾ ಇರ್ಬೇಕು ಸರ್, ಆದ್ರೆ ಅವಸರ ಕಾಣಬಾರ್ದು." ಟೆಂಪೋ ನಿಮಿಷಕ್ಕೆ 96 ಬೀಟ್ ಇಟ್ಟೆ. ಅಂದರೆ ಒಂದು ಬೀಟ್ 625 ಮಿಲಿಸೆಕೆಂಡ್, ಅದರ ಕಾಲು ಭಾಗವಾದ ಹದಿನಾರನೇ ಒಂದು ನೋಟು ಸುಮಾರು 156. ಕಾರ್ಡ್ ಎರಡೇ. ಎರಡು ಬಾರ್ (ಬಾರ್ ಅಂದರೆ ನಾಲ್ಕು ಬೀಟ್) ಸ-ಗ-ಪ, ಇನ್ನೆರಡು ಬಾರ್ ಸ-ಗ-ದ. ಪಾಶ್ಚಾತ್ಯ ಲೆಕ್ಕದಲ್ಲಿ ಇದು ಸಿ ಮೇಜರ್‌ನಿಂದ ಎ ಮೈನರ್‌ಗೆ ಹೋಗುವುದು. ಸ ಮತ್ತು ಗ ಎತ್ತುವುದೇ ಇಲ್ಲ, ಒಂದು ಬೆರಳು ಮಾತ್ರ ಪಂಚಮದಿಂದ ಧೈವತಕ್ಕೆ ಸರಿಯುತ್ತದೆ. ಕೈಯನ್ನೇ ಎತ್ತಿ ಹೊಸ ಕಾರ್ಡ್ ಹಾಕಿದರೆ ಆರ್ಪ್ ನೆಗೆದ ಹಾಗೆ ಕೇಳುತ್ತದೆ. ಒಂದು ಸ್ವರ ಸರಿದರೆ ದಾರಿ ತಿರುಗಿದ ಹಾಗೆ ಕೇಳುತ್ತದೆ.

ಮೂರೇ ಸ್ವರ ಹಿಡಿದದ್ದಕ್ಕೂ ಕಾರಣ ಇದೆ. ಒಂದು ಬಾರ್‌ನಲ್ಲಿ 16 ಹೆಜ್ಜೆ. ನಾಲ್ಕು ಸ್ವರ ಹಿಡಿದರೆ ಪ್ರತಿ ಬೀಟ್‌ಗೂ ಅದೇ ಷಡ್ಜ ಬಂದು ಕೂರುತ್ತದೆ, ಎರಡು ಬಾರ್ ಕೇಳುವಷ್ಟರಲ್ಲಿ ಬೇಸರ. ಮೂರು ಹಿಡಿದರೆ ಹದಿನಾರಕ್ಕೆ ಅದು ಹೊಂದುವುದಿಲ್ಲ, ಮೂರು ಬಾರ್ ಆದ ಮೇಲೆ ಸಮಕ್ಕೆ, ಅಂದರೆ ಬಾರ್‌ನ ಮೊದಲ ಹೆಜ್ಜೆಗೆ, ಬಂದು ಸೇರುತ್ತದೆ. ಮೃದಂಗದ ತನಿ ಕೂತು ಕೇಳಿದವರಿಗೆ ಈ ಆಟ ಹೊಸದಲ್ಲ. ನನ್ನ ಕಾರ್ಡ್‌ಗಳ ಸುತ್ತು ನಾಲ್ಕು ಬಾರ್. ಮೂರು ಬಾರ್‌ನ ಸುತ್ತೂ ನಾಲ್ಕು ಬಾರ್‌ನ ಸುತ್ತೂ ಕೂಡುವುದು ಹನ್ನೆರಡನೇ ಬಾರ್ ಮುಗಿದಾಗ. 96ರ ಟೆಂಪೋದಲ್ಲಿ ಅದು ಸರಿಯಾಗಿ 30 ಸೆಕೆಂಡ್. ಅಲ್ಲಿಯವರೆಗೆ ನಾಲ್ಕು ಬಾರ್‌ನ ಯಾವ ಸುತ್ತೂ ಇದ್ದ ಹಾಗೆ ಮರಳಿ ಬರುವುದಿಲ್ಲ. ಎರಡು ಕಾರ್ಡ್, ಮೂರು ಬೆರಳು, ಅರ್ಧ ನಿಮಿಷದ ಸಂಗೀತ. ಬಸ್ಸಿನ ದೃಶ್ಯಕ್ಕೆ ಬೇಕಾಗಿದ್ದೂ ಅಷ್ಟೇ.

ಇದಕ್ಕೆ ರೀಟ್ರಿಗರ್, ಅಂದರೆ ಆರ್ಪ್ ಮತ್ತೆ ಮೊದಲ ಸ್ವರದಿಂದ ಶುರು ಮಾಡುವುದು, ಆಫ್ ಇರಬೇಕು. ಬಾರ್‌ಗೊಮ್ಮೆ ರೀಟ್ರಿಗರ್ ಇಟ್ಟರೆ ಸಗಪ ಐದು ಸಲ ಬಂದು, ಹದಿನಾರನೇ ಹೆಜ್ಜೆಗೆ ಒಂದು ಒಂಟಿ ಸ ಉಳಿಯುತ್ತದೆ, ಕೂಡಲೇ ಹೊಸ ಬಾರ್‌ನ ಸ. ಒಂದೇ ಸ್ವರ ಎರಡು ಸಲ ಬಿದ್ದು ಎಡವಿದ ಹಾಗಾಗುತ್ತದೆ. ಡಾನ್ಸ್ ಟ್ರ್ಯಾಕ್‌ನಲ್ಲಿ ಆ ಎಡವುವಿಕೆಯೇ ಬೇಕಾಗುತ್ತದೆ, ಕುಣಿಯುವವರಿಗೆ ಪ್ರತಿ ಬಾರ್‌ನ ಒಂದು ಎಲ್ಲಿ ಅಂತ ತಿಳಿಯಬೇಕಲ್ವಾ. ಹೋಗಿ ಬರುವ ಮೋಡ್‌ನಲ್ಲೂ ಇಂಥದ್ದೇ ಒಂದು ವಿಷಯ ಇದೆ. ತುದಿಯ ಸ್ವರಗಳನ್ನು ಎರಡೆರಡು ಸಲ ನುಡಿಸಿದರೆ ಸಗಪ-ಪಗಸ, ಆರು ಹೆಜ್ಜೆ. ಒಂದೇ ಸಲ ನುಡಿಸಿದರೆ ಸಗಪಗ, ನಾಲ್ಕು ಹೆಜ್ಜೆ. ಮೆನುವಿನಲ್ಲಿ ಹೆಸರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ, ಲಯ ಮಾತ್ರ ಪೂರ್ತಿ ಬೇರೆ.

ಗೇಟ್ (ಹೆಜ್ಜೆಯ ಎಷ್ಟು ಪಾಲು ಸ್ವರ ನಿಲ್ಲಬೇಕು) ಮತ್ತು ಅಟ್ಯಾಕ್ (ಸ್ವರ ಪೂರ್ತಿ ಏಳಲು ಬೇಕಾದ ಹೊತ್ತು) ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗೇಟ್ ಶೇಕಡಾ 50 ಇಟ್ಟರೆ ನನ್ನ ನೋಟು 78 ಮಿಲಿಸೆಕೆಂಡ್ ನಿಲ್ಲುತ್ತದೆ. ಸಿಂಥ್‌ನ ಅಟ್ಯಾಕ್ 100 ಮಿಲಿಸೆಕೆಂಡ್ ಇದ್ದರೆ ಸ್ವರ ಪೂರ್ತಿ ಎದ್ದು ನಿಲ್ಲುವ ಮೊದಲೇ ಮುಗಿದಿರುತ್ತದೆ. 'ಆರ್ಪ್ ಕೇಳಿಸ್ತಾನೇ ಇಲ್ಲ' ಅನ್ನುವ ದೂರಿಗೆ ಹೆಚ್ಚಿನ ಸಲ ಇದೇ ಕಾರಣ.

ಡಿಲೇ, ಅಂದರೆ ಪ್ರತಿಧ್ವನಿ, ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಆರ್ಪ್ ಅಂದ ಕೂಡಲೇ ಎಲ್ಲರೂ ಡಾಟೆಡ್ ಎಂಟನೇ ಡಿಲೇ ಹಾಕಿ ಅನ್ನುತ್ತಾರೆ. ಅದು ಹದಿನಾರನೆಯ ಮೂರು ಹೆಜ್ಜೆ. ನನ್ನ ಸುತ್ತೂ ಮೂರೇ ಹೆಜ್ಜೆ. ಅಂದರೆ ಷಡ್ಜದ ಪ್ರತಿಧ್ವನಿ ಮುಂದಿನ ಷಡ್ಜದ ಮೇಲೆಯೇ ಹೋಗಿ ಬೀಳುತ್ತದೆ. ಸದ್ದು ದಪ್ಪ ಆಗುತ್ತದೆ, ಹೊಸದೇನೂ ಹುಟ್ಟುವುದಿಲ್ಲ. ಡಿಲೇಯನ್ನು ಒಂದು ಪೂರ್ತಿ ಬೀಟ್‌ಗೆ, ಅಂದರೆ ನಾಲ್ಕು ಹೆಜ್ಜೆಗೆ ಇಟ್ಟೆ. ಈಗ ಷಡ್ಜದ ಪ್ರತಿಧ್ವನಿ ಗಾಂಧಾರದ ಜೊತೆ ಕೇಳುತ್ತದೆ, ಗಾಂಧಾರದ್ದು ಪಂಚಮದ ಜೊತೆ. ಒಂದೊಂದೇ ಸ್ವರ ನುಡಿಸುವ ಆರ್ಪ್ ಜೋಡಿಯಲ್ಲಿ ಹಾಡತೊಡಗುತ್ತದೆ.

ಕಾರ್ಡ್ ಬದಲಾಗುವ ಜಾಗದಲ್ಲಿ ಒಂದು ಅಪಸ್ವರ ಇಣುಕಿದರೆ ಸಿಂಥ್ ಮೇಲೆ ಅನುಮಾನ ಪಡಬೇಡಿ. ಪಿಯಾನೋ ರೋಲ್ (ನೋಟುಗಳು ಪಟ್ಟಿಗಳಾಗಿ ಕಾಣುವ ಪರದೆ) ಹಿಗ್ಗಿಸಿ ನೋಡಿ. ಹಳೆಯ ಪಂಚಮದ ಬಾಲ ಹೊಸ ಧೈವತದ ಮೇಲೆ ಕೂದಲೆಳೆಯಷ್ಟು ಚಾಚಿರುತ್ತದೆ. ಆ ಒಂದು ಕ್ಷಣ ಆರ್ಪ್ ಕೈಯಲ್ಲಿ ನಾಲ್ಕು ಸ್ವರ ಇರುತ್ತದೆ. ಬಾಲ ಕತ್ತರಿಸಿ. ಹೊಸ ಸ್ವರವನ್ನು ಬಾರ್ ಗೆರೆಗಿಂತ ತಡವಾಗಿ ಇಡಬೇಡಿ, ಇಟ್ಟರೆ ಮೊದಲ ಹೆಜ್ಜೆ ಅದರ ಕೈತಪ್ಪುತ್ತದೆ.

ರಾಗದಲ್ಲಿ ಆರ್ಪ್ ಬಳಸಬಹುದಾ ಅಂತ ಕೇಳುವವರಿಗೆ ನನ್ನ ಉತ್ತರ: ಕೆಲವು ರಾಗದಲ್ಲಿ. ಹಂಸಧ್ವನಿ ಚೆನ್ನಾಗಿ ಒಗ್ಗುತ್ತದೆ. ಸ ರಿ ಗ ಪ ನಿ ಐದೂ ಹಿಡಿದು ಮೇಲಕ್ಕೆ ಬಿಟ್ಟರೆ ಐದು ಬಾರ್‌ಗೆ ಸಮ ಸಿಗುತ್ತದೆ, ರಾಗದ ಬಣ್ಣವೂ ಉಳಿಯುತ್ತದೆ. ಆನಂದಭೈರವಿಯ ಏರಿಕೆ ಸಗರಿಗಮಪ ಅಂತ ವಕ್ರವಾಗಿ ಹೋಗುತ್ತದೆ, ಗಾಂಧಾರ ಎರಡು ಸಲ. ಮಾಮೂಲಿ ಆರ್ಪ್ ಅದನ್ನು ನೆಟ್ಟಗೆ ಮಾಡಿ ಕೊಲ್ಲುತ್ತದೆ. ತೋಡಿಯನ್ನಂತೂ ಮುಟ್ಟಬೇಡಿ. ಗಮಕ ಇಲ್ಲದ ತೋಡಿಗೆ ತೋಡಿ ಅನ್ನುವ ಧೈರ್ಯ ನನಗಿಲ್ಲ.

ಲೈವ್ ಆಗಿ ಆಡಿ ಮನಸ್ಸಿಗೆ ಹಿಡಿಸಿದ ಮೇಲೆ ಆರ್ಪನ್ನು ನಾನು ಹಾಗೇ ಬಿಡುವುದಿಲ್ಲ. ಅದರ ಮಿಡಿಯನ್ನು (ಯಾವ ಸ್ವರ ಯಾವಾಗ ಅನ್ನುವ ಮಾಹಿತಿಯನ್ನು) ಇನ್ನೊಂದು ಟ್ರ್ಯಾಕ್‌ಗೆ ಕಳಿಸಿ ನೋಟುಗಳಾಗಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಎಫ್ಎಲ್‌ನವರಿಗೆ ಇನ್ನೂ ಸುಲಭ, ಪಿಯಾನೋ ರೋಲ್‌ನಲ್ಲಿ ಆಲ್ಟ್ ಮತ್ತು ಎ ಒತ್ತಿದರೆ ಕಾರ್ಡೇ ಆರ್ಪ್ ಆಗಿ ಬಿಡಿಸಿಕೊಳ್ಳುತ್ತದೆ. ನಿಜವಾದ ಕೆಲಸ ಶುರುವಾಗುವುದು ಆಮೇಲೆ. ಬಸ್ಸಿನ ಟ್ರ್ಯಾಕ್‌ನಲ್ಲಿ ಪ್ರತಿ ಬೀಟ್‌ನ ಮೊದಲ ನೋಟಿನ ವೆಲಾಸಿಟಿ (ಕೀ ಒತ್ತುವ ಜೋರು) ಏರಿಸಿದೆ, ವೆಲಾಸಿಟಿಗೆ ಸದ್ದಿನ ಹೊಳಪು ಹೆಚ್ಚುಕಡಿಮೆ ಮಾಡುವ ಫಿಲ್ಟರ್ ಕಟ್ಟಿದೆ. ಜೋರಾಗಿ ಬಿದ್ದ ನೋಟು ಹೊಳೆಯುತ್ತದೆ, ಉಳಿದದ್ದು ಮಸುಕು. ಈಗ ಹೊಳೆಯುವ ನೋಟುಗಳನ್ನಷ್ಟೇ ಎಣಿಸಿ ನೋಡಿ. ಮೊದಲ ಬಾರ್‌ನಲ್ಲಿ ಸ ಗ ಪ ಸ. ಎರಡನೆಯದರಲ್ಲಿ ಗ ಪ ಸ ಗ. ಧೈವತ ಬಂದ ಮೇಲೆ ದ ಸ ಗ ದ. ಓಡುವ ಆರ್ಪ್ ಒಳಗಿನಿಂದಲೇ ಬೀಟ್‌ಗೊಂದು ಸ್ವರದ ನಿಧಾನ ಟ್ಯೂನ್ ಮೇಲೆದ್ದಿತು. ನಾನು ಅದನ್ನು ಕಟ್ಟಿರಲಿಲ್ಲ, ಮೂರು ಮತ್ತು ನಾಲ್ಕರ ಲೆಕ್ಕವೇ ಕಟ್ಟಿತ್ತು. ಅದೇ ಸ್ವರಗಳನ್ನು ಆಮೇಲೆ ಕೊಳಲಿಗೆ ಕೊಟ್ಟೆ.

ಉಳಿದದ್ದು ಅಳಿಸುವ ಕೆಲಸ. ಸಂಭಾಷಣೆ ಇರುವ ಕಡೆ ಆರ್ಪ್ ಮಾತಿನ ಎತ್ತರದಲ್ಲೇ ಇದ್ದರೆ ವ್ಯಂಜನಗಳು ಮುಚ್ಚಿಹೋಗುತ್ತವೆ. ಅಲ್ಲಿ ಫಿಲ್ಟರ್ ಇಳಿಸುತ್ತೇನೆ, ಕೆಳಗಿನ 200 ಹರ್ಟ್ಸ್ ತನಕ ಕತ್ತರಿಸುತ್ತೇನೆ, ಮಾತು ಶುರುವಾಗುವ ಜಾಗದ ಎರಡು ಮೂರು ನೋಟು ತೆಗೆದೇ ಬಿಡುತ್ತೇನೆ. ನಿರ್ದೇಶಕರು ಇನ್ನೊಂದಿಷ್ಟು ಖಾಲಿ ಕೇಳಿದರು. ನೋಟುಗಳಾಗಿ ಬರೆದಿಟ್ಟದ್ದರಿಂದ ಅವರು ಪಕ್ಕದಲ್ಲಿ ಕೂತಿದ್ದಾಗಲೇ ಅಳಿಸಿ ತೋರಿಸಿದೆ.